ನದಿಗೆ ಜಾಗ ಬಿಟ್ಟ ದೇಶ

ರಾಟರ್‌ಡ್ಯಾಮ್ ಬಂದರಿನಿಂದ ಸಮುದ್ರಕ್ಕೆ ಸಾಗುವ ಜಲಮಾರ್ಗದ ಎರಡೂ ದಡಗಳಲ್ಲಿ, ತಲಾ 210 ಮೀಟರ್ ಉದ್ದದ ಎರಡು ಉಕ್ಕಿನ ಬಾಗಿಲುಗಳು ವರ್ಷದ ಬಹುಪಾಲು ಸುಮ್ಮನೆ ನಿಂತಿರುತ್ತವೆ. ಬಿರುಗಾಳಿಗೆ ನೀರು ಮಾಮೂಲಿ ಮಟ್ಟಕ್ಕಿಂತ 3 ಮೀಟರ್ ಏರಲಿದೆ ಎಂಬ ಲೆಕ್ಕ ಸಿಕ್ಕರೆ, ಯಾರ ಅಪ್ಪಣೆಗೂ ಕಾಯದೆ ಕಂಪ್ಯೂಟರೇ ಅವನ್ನು ಮುಚ್ಚಿಸುತ್ತದೆ. 1997ರಲ್ಲಿ ಕಟ್ಟಿ ಮುಗಿಸಿದ ಈ ಮಾಸ್ಲಾಂಟ್ ತಡೆ, ಅಂಥ ಲೆಕ್ಕದ ಮೇಲೆ ತಾನಾಗಿ ಮೊದಲ ಸಲ ಮುಚ್ಚಿಕೊಂಡದ್ದು 2023ರ ಡಿಸೆಂಬರ್‌ನಲ್ಲಿ.

ಶ್ರೀಮಂತ ದೇಶಗಳು ಹವಾಮಾನ ಬದಲಾವಣೆಯನ್ನು ಎದುರಿಸುವುದೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಇಂಥ ಯಂತ್ರಗಳೇ. ಆದರೆ ನೆದರ್ಲೆಂಡ್ಸಿನ ನಿಜವಾದ ಧೈರ್ಯ ಕಾಣುವುದು ಒಳನಾಡಿನಲ್ಲಿ, ಅದು ತನ್ನ ಏರಿಗಳನ್ನು ತಾನೇ ತಗ್ಗಿಸಿದ ಕಡೆ.

1953ರ ಕಡಲುಕ್ಕಿನಲ್ಲಿ 1,836 ಜನರನ್ನು ಕಳೆದುಕೊಂಡ ಆ ದೇಶ ಕಡಲಿನ ಕಡೆಯ ಬಾಗಿಲುಗಳನ್ನು ಭದ್ರಪಡಿಸಿಕೊಳ್ಳುತ್ತಿದ್ದಾಗ, 1995ರಲ್ಲಿ ಅಪಾಯ ಬೆನ್ನಹಿಂದಿನಿಂದ ಬಂತು. ರೈನ್ ಮತ್ತು ಮಾಸ್ ನದಿಗಳು ತುಂಬಿ, ಸುಮಾರು ಎರಡೂವರೆ ಲಕ್ಷ ಜನ ದನಕರುಗಳ ಸಮೇತ ಮನೆ ತೊರೆಯಬೇಕಾಯಿತು. ಏರಿಯನ್ನು ಇನ್ನಷ್ಟು ಎತ್ತರಿಸುವುದು ಹಳೆಯ ರೂಢಿ. ಆದರೆ ನೀರು ಬಸಿದ ಜೌಗು ಮಣ್ಣು ಗಾಳಿ ಸೋಕಿ ಕೊಳೆಯುತ್ತಾ ಕುಸಿಯುತ್ತದೆ. ಏರಿ ಮೇಲೇರಿದಂತೆ, ನೆಲ ಕೆಳಗಿಳಿದಂತೆ, ಒಮ್ಮೆ ಏರಿ ಒಡೆದರೆ ಆಗುವ ಅನಾಹುತವೂ ದೊಡ್ಡದಾಗುತ್ತದೆ. ಹೀಗಾಗಿ ಸುಮಾರು 230 ಕೋಟಿ ಯೂರೋ ಖರ್ಚಿನಲ್ಲಿ, ಮೂವತ್ತಕ್ಕೂ ಹೆಚ್ಚು ಕಡೆ ನದಿಯ ಪಾತ್ರವನ್ನೇ ಹಿಗ್ಗಿಸುವ ಯೋಜನೆ ಸಿದ್ಧವಾಯಿತು. ನೈಮೇಖನ್ ನಗರದ ಎದುರು ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿ, ಸುಮಾರು ಐವತ್ತು ಮನೆಗಳನ್ನು ಕೆಡವಿ, ನದಿಗೆ ಇನ್ನೊಂದು ಕವಲು ತೋಡಿದರು.

ಮಾಸ್ ದಂಡೆಯ ಓವರ್‌ಡೀಪ್ ತಗ್ಗುಪ್ರದೇಶದ ಕಥೆ ಇನ್ನೂ ಸ್ವಾರಸ್ಯದ್ದು. ತಮ್ಮ ಹೊಲಗಳಿಗೆ ನೀರು ಬಿಡಲಿದ್ದಾರೆಂದು ತಿಳಿದ ಅಲ್ಲಿನ ಹೈನುಗಾರರು ಬರಿದೇ ಪ್ರತಿಭಟಿಸದೆ, ಪರ್ಯಾಯವನ್ನು ತಾವೇ ಮುಂದಿಟ್ಟರು: ಹಿಂಬದಿಯ ಏರಿಗೆ ಒತ್ತಿ ಮಣ್ಣಿನ ದಿಬ್ಬಗಳನ್ನು ಹಾಕಿಕೊಡಿ, ಮನೆ, ಕೊಟ್ಟಿಗೆ ಎರಡನ್ನೂ ಅವುಗಳ ಮೇಲೆ ಕಟ್ಟಿಕೊಳ್ಳುತ್ತೇವೆ. ಈಗ ನದಿಯ ಕಡೆಯ ಏರಿ ತಗ್ಗಿದೆ. ಭಾರೀ ನೆರೆ ಬಂದರೆ ನೀರು ಹುಲ್ಲುಗಾವಲಿಗೆ ನುಗ್ಗಬೇಕು, ಹಸುಗಳು ಮೇಲೆ ಒಣನೆಲದಲ್ಲಿ ನಿಂತಿರಬೇಕು ಎಂಬುದೇ ಲೆಕ್ಕಾಚಾರ. ಆದರೆ ದಿಬ್ಬಗಳ ಮೇಲೆ ಎಲ್ಲರಿಗೂ ಜಾಗವಿರಲಿಲ್ಲ; ಹೆಚ್ಚುಕಡಿಮೆ ಅರ್ಧದಷ್ಟು ಕುಟುಂಬಗಳು ಪರಿಹಾರ ಪಡೆದು ಬೇರೆಡೆಗೆ ಹೋದವು. ಹಣವಂತ ದೇಶದ ಅನುಕೂಲವೆಂದರೆ ಇದೇ ಇರಬೇಕು: ಕಾಂಕ್ರೀಟಿಗಷ್ಟೇ ಅಲ್ಲ, ಜಾಗ ಬಿಟ್ಟವರಿಗೆ ಕೊಡುವುದಕ್ಕೂ ಅದರ ಬಳಿ ದುಡ್ಡಿತ್ತು.

ಕಡಲ ಬಾಗಿಲಿಗೂ ಈ ದಿಬ್ಬಗಳಿಗೂ ಸಂಬಂಧವಿಲ್ಲದಿಲ್ಲ. ಬಾಗಿಲು ಮುಚ್ಚಿರುವಷ್ಟು ಹೊತ್ತು ಆ ದಾರಿಯಲ್ಲಿ ನದಿಯ ನೀರು ಹೊರಹೋಗದೆ ಒಳಗೇ ಶೇಖರವಾಗುತ್ತದೆ; ಅದಕ್ಕೆ ಒಳನಾಡಿನಲ್ಲಿ ಜಾಗ ಬೇಕು. ಸಮುದ್ರಮಟ್ಟ ಏರಿದಂತೆ ಬಾಗಿಲು ಮುಚ್ಚಬೇಕಾದ ರಾತ್ರಿಗಳು ಹೆಚ್ಚುತ್ತವೆ. ಭೂಮಿ ಬಿಸಿಯಾದಂತೆ, ರೈನ್ ಹುಟ್ಟುವ ಆಲ್ಪ್ಸ್ ಪರ್ವತಗಳಲ್ಲಿ ಹಿಮವಾಗಿ ನಿಲ್ಲಬೇಕಾದದ್ದು ಮಳೆಯಾಗಿ ಸುರಿದು, ಬಿರುಗಾಳಿಗಳೇಳುವ ಅದೇ ಚಳಿಗಾಲದಲ್ಲಿ ಆ ನದಿಯೂ ತುಂಬಿ ಬರುತ್ತದೆ.