ಸೈಕಲ್ಲೂ ಇಳಿಜಾರಿಗೇ ಹರಿಯುತ್ತದೆ

ಬಾಡಿಗೆ ಸೈಕಲ್ ಅಂಗಡಿಯನ್ನು ಕಂಡವರಿಗೆ ಅಲ್ಲಿನ ವ್ಯವಹಾರವನ್ನು ವಿವರಿಸಿ ಹೇಳಬೇಕಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ ಹಳೆಯ ಟಯರುಗಳು, ಗ್ರೀಸ್ ಮೆತ್ತಿದ ನೋಟ್‌ಪುಸ್ತಕ, ಅದರಲ್ಲಿ ಹುಡುಗರ ಹೆಸರಿನ ಮುಂದೆ ಬರೆದ ಹೊತ್ತು, ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು. ನಮ್ಮೂರಿನ ಅಂಗಡಿಯಲ್ಲಿ ಏಳನೆಯ ನಂಬರಿನ ಸೈಕಲ್ಲಿಗೆ ಮಾತ್ರ ಬ್ರೇಕು ಸರಿಯಾಗಿ ಹಿಡಿಯುತ್ತಿದ್ದುದರಿಂದ, ಅದು ವಾಪಸು ಬರುವವರೆಗೆ ನಾವು ಜಗಲಿಯ ಮೇಲೆ ಕೂತು ಕಾಯುತ್ತಿದ್ದೆವು. ಅದು ಬಂದೇ ಬರುತ್ತಿತ್ತು. ಒಯ್ದ ಸೈಕಲ್ಲನ್ನು ಒಯ್ದ ಅಂಗಡಿಗೇ ತಂದು ಬಿಡಬೇಕೆಂಬುದು ಆ ವ್ಯಾಪಾರದ ಮೊದಲ ನಿಯಮವಾಗಿತ್ತು.

ಮಹಾನಗರಗಳ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಕೈಬಿಟ್ಟಿರುವುದು ಈ ಒಂದೇ ನಿಯಮವನ್ನು. ಇಲ್ಲಿ ಸೈಕಲ್ಲನ್ನು ಮನೆಯ ಹತ್ತಿರ ಎತ್ತಿಕೊಂಡು ಕಚೇರಿಯ ಹತ್ತಿರ ಬಿಡಬಹುದು. ಅನುಕೂಲವಿರುವುದೂ ಅದರಲ್ಲೇ, ತೊಡಕಿರುವುದೂ ಅದರಲ್ಲೇ. ಇಂಥ ಯೋಜನೆ ಸೋತಾಗ ನಾವು ಸಾಮಾನ್ಯವಾಗಿ ಜನರ ಸೋಮಾರಿತನವನ್ನೋ ಕಳ್ಳತನವನ್ನೋ ದೂರುತ್ತೇವೆ. ಅವೂ ಕಾರಣಗಳೇ ಇರಬಹುದು, ಆದರೆ ಅವುಗಳಿಗಿಂತ ಮುಂಚೆ ನೋಡಬೇಕಾದದ್ದು ಒಂದು ಲೆಕ್ಕವಿದೆ.

ಕಲ್ಪನೆ ಹೊಸದೇನಲ್ಲ. 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರೋವೊ ಎಂಬ ಯುವಕರ ಗುಂಪು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಯಾರು ಬೇಕಾದರೂ ಬಳಸಲೆಂದು ಬೀಗವಿಲ್ಲದೆ ಬೀದಿಯಲ್ಲಿ ಬಿಟ್ಟಿತು. ಬೀಗ ಹಾಕದ ಸೈಕಲ್ಲನ್ನು ರಸ್ತೆಯಲ್ಲಿ ಬಿಡುವುದು ಕಾನೂನಿಗೆ ವಿರುದ್ಧವೆಂದು ಪೊಲೀಸರು ಅವುಗಳನ್ನು ಎತ್ತಿಕೊಂಡು ಹೋದರು. 1995ರಲ್ಲಿ ಕೋಪನ್‌ಹೇಗನ್ ನಾಣ್ಯ ಹಾಕಿದರೆ ಬಿಚ್ಚಿಕೊಳ್ಳುವ, ಹಿಂತಿರುಗಿಸಿದರೆ ನಾಣ್ಯ ವಾಪಸು ಕೊಡುವ ಬೀಗವನ್ನು ತಂದಿತು. ಒಯ್ದವರು ಯಾರೆಂದು ಗೊತ್ತಾಗುವಂಥ ಕಾರ್ಡು ಮತ್ತು ಕಂಪ್ಯೂಟರು ಬಂದ ಮೇಲೆ ಯೋಜನೆಗೆ ನಿಜವಾದ ಬಲ ಬಂತು. 2005ರಲ್ಲಿ ಫ್ರಾನ್ಸಿನ ಲಿಯೋನ್, 2007ರ ಜುಲೈನಲ್ಲಿ ಪ್ಯಾರಿಸ್, 2008ರಲ್ಲಿ ಚೀನಾದ ಹಾಂಗ್‌ಝೌ, 2010ರಲ್ಲಿ ಲಂಡನ್ ಮತ್ತು ಮೆಕ್ಸಿಕೋ ಸಿಟಿ, 2013ರಲ್ಲಿ ನ್ಯೂಯಾರ್ಕ್ ಹೀಗೆ ಸಾಲುಸಾಲಾಗಿ ಆರಂಭಿಸಿದವು.

ಇನ್ನು ಆ ಲೆಕ್ಕ. ಸೈಕಲ್ಲನ್ನು ಸಿಕ್ಕಿಸಿದರೆ ತಾನೇ ಬೀಗ ಬೀಳುವ ಗೂಟಕ್ಕೆ ಡಾಕ್ ಎನ್ನುತ್ತಾರೆ. 20 ಡಾಕ್‌ಗಳ ಒಂದು ನಿಲ್ದಾಣವಿದೆ, ಅದರಲ್ಲಿ 10 ಸೈಕಲ್‌ಗಳಿವೆ ಎಂದುಕೊಳ್ಳೋಣ. ಒಯ್ಯುವವರೂ ತಂದು ಬಿಡುವವರೂ ಸಮಸಮವಾಗಿದ್ದಾರೆ. ಆದರೆ ಯಾರು ಯಾವಾಗ ಬರುತ್ತಾರೆಂಬುದು ನಾಣ್ಯ ಚಿಮ್ಮಿದಂತೆ. ತಲೆ ಬಿದ್ದರೆ ಒಂದು ಸೈಕಲ್ ಹೋಗುತ್ತದೆ, ಹೂ ಬಿದ್ದರೆ ಒಂದು ಬರುತ್ತದೆ. ಸರಾಸರಿಯಲ್ಲಿ ಸಮವಾಗಿರುವುದರಿಂದ ನಿಲ್ದಾಣ ಸದಾ ಅರ್ಧ ತುಂಬಿರುತ್ತದೆಂದು ನಮ್ಮ ಮನಸ್ಸು ಹೇಳುತ್ತದೆ. ಗಣಿತ ಹಾಗೆ ಹೇಳುವುದಿಲ್ಲ. ದೀರ್ಘಕಾಲದಲ್ಲಿ ಸೊನ್ನೆಯಿಂದ 20ರವರೆಗಿನ ಪ್ರತಿಯೊಂದು ಸಂಖ್ಯೆಗೂ ಸಮಾನ ಸಂಭವನೀಯತೆ ಇರುತ್ತದೆ. ಒಟ್ಟು 21 ಸ್ಥಿತಿಗಳಲ್ಲಿ ಎರಡು ಕೆಟ್ಟವು: ಪೂರ್ತಿ ಖಾಲಿಯಾದರೆ ಒಯ್ಯಲು ಸೈಕಲ್ಲಿಲ್ಲ, ಪೂರ್ತಿ ತುಂಬಿದರೆ ಬಿಡಲು ಜಾಗವಿಲ್ಲ. ಒಂದು ಪ್ರಯಾಣಕ್ಕೆ ಹೊರಡುವ ನಿಲ್ದಾಣ ಖಾಲಿ ಇರಬಾರದು, ತಲುಪುವ ನಿಲ್ದಾಣ ತುಂಬಿರಬಾರದು. ಎರಡೂ ಸೇರಿ ತೊಂದರೆಯಾಗುವ ಸಾಧ್ಯತೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು. ದಿನಕ್ಕೆರಡು ಬಾರಿಯಂತೆ ವಾರಕ್ಕೆ ಐದು ದಿನ ಓಡಾಡುವ ನೌಕರನಿಗೆ ಇದರ ಅರ್ಥ ಸರಾಸರಿ ವಾರಕ್ಕೊಮ್ಮೆ ನಿರಾಶೆ ಎಂದೇ. ಯಾರ ತಪ್ಪೂ ಇಲ್ಲದೆ, ಒಂದು ಸೈಕಲ್ಲೂ ಕಳುವಾಗದೆ, ಬೇಡಿಕೆ ಸಂಪೂರ್ಣ ಸಮತೋಲನದಲ್ಲಿ ಇರುವಾಗಿನ ಮಾತು ಇದು. ವಾರಕ್ಕೊಮ್ಮೆ ಕಚೇರಿಗೆ ತಡವಾದವನು ಮರುತಿಂಗಳು ಕಂತಿನ ಮೇಲೆ ಸ್ಕೂಟರ್ ತೆಗೆದುಕೊಳ್ಳುತ್ತಾನೆ.

ವಾಸ್ತವದಲ್ಲಿ ಸಮತೋಲನವೂ ಇರುವುದಿಲ್ಲ. ಬೆಳಿಗ್ಗೆ ಎಲ್ಲರೂ ವಸತಿ ಬಡಾವಣೆಗಳಿಂದ ಕಚೇರಿಗಳತ್ತ ಹೊರಡುತ್ತಾರೆ. ಮೂರು ನಿಮಿಷಕ್ಕೆ ಒಂದರಂತೆ ಸೈಕಲ್ ಕಡಿಮೆಯಾಗುತ್ತಾ ಹೋದರೆ ನಮ್ಮ ನಿಲ್ದಾಣ ಅರ್ಧ ಗಂಟೆಯಲ್ಲಿ ಬರಿದಾಗುತ್ತದೆ. ಇದರ ಮೇಲೆ ಭೂಮಿಯ ಏರಿಳಿತ ಬೇರೆ. ಸವಾರ ಮತ್ತು ಸೈಕಲ್ ಸೇರಿ 100 ಕೆ.ಜಿ. ತೂಕವೆನ್ನಿ, ಬಾಡಿಗೆ ಸೈಕಲ್ ಗಟ್ಟಿಯಾಗಿರಬೇಕಾದ್ದರಿಂದ ಅದೊಂದೇ 20 ಕೆ.ಜಿ.ಗೂ ಹೆಚ್ಚು ತೂಗುವುದುಂಟು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಗಾಳಿ ಮತ್ತು ಚಕ್ರದ ಉರುಳುವಿಕೆಯ ತಡೆ ಒಟ್ಟಾಗಿ ಸುಮಾರು 10 ನ್ಯೂಟನ್. ನೂರು ಅಡಿಗೆ ಐದು ಅಡಿ ಏರುವ ರಸ್ತೆಗೆ ಬಂದ ಕೂಡಲೇ ಗುರುತ್ವ ಅದಕ್ಕೆ ಇನ್ನೂ 49 ನ್ಯೂಟನ್ ಸೇರಿಸುತ್ತದೆ. ಕಣ್ಣಿಗೆ ಅಷ್ಟೇನೂ ಕಾಣದ ಏರು, ಕಾಲಿಗೆ ಆರು ಪಟ್ಟು ಭಾರ. ಹಾಗಾಗಿ ಜನ ಇಳಿಜಾರಿನಲ್ಲಿ ಸೈಕಲ್ ಹತ್ತುತ್ತಾರೆ, ಏರುವಾಗ ಬಸ್ಸು ಹಿಡಿಯುತ್ತಾರೆ.

ಪ್ಯಾರಿಸ್ಸಿನಲ್ಲಿ ಆದದ್ದು ಇದೇ. ಮೋಂಮಾರ್ತ್ರ್, ಬೆಲ್‌ವಿಲ್‌ಗಳಂಥ ಎತ್ತರದ ಬಡಾವಣೆಗಳ ನಿಲ್ದಾಣಗಳು ಬರಿದಾದವು, ಸೈಕಲ್ಲುಗಳು ಸೇನ್ ನದಿಯ ಕಡೆಗೆ ಮಳೆನೀರಿನಂತೆ ಇಳಿದು ಸೇರಿಕೊಂಡವು. ಗುಡ್ಡದ ಮೇಲಿನ ನಿಲ್ದಾಣಗಳಲ್ಲಿ ತಂದು ಬಿಟ್ಟವರಿಗೆ 15 ನಿಮಿಷಗಳ ಹೆಚ್ಚುವರಿ ಸವಾರಿ ಉಚಿತ ಎಂಬ ಆಮಿಷವನ್ನು ವೆಲಿಬ್ ಎಂಬ ಅಲ್ಲಿನ ಬಾಡಿಗೆ ಸೈಕಲ್ ಯೋಜನೆ ಒಡ್ಡಬೇಕಾಯಿತು. ನ್ಯೂಯಾರ್ಕಿನಲ್ಲಿ ತುಂಬಿದ ನಿಲ್ದಾಣದಿಂದ ಖಾಲಿ ನಿಲ್ದಾಣಕ್ಕೆ ಸೈಕಲ್ ಸಾಗಿಸುವ ಸವಾರರಿಗೆ ಅಂಕಗಳನ್ನು ಕೊಡುತ್ತಾರೆ. ಇಷ್ಟಾದರೂ ಸೈಕಲ್ಲುಗಳನ್ನು ವ್ಯಾನುಗಳಲ್ಲಿ ಹೇರಿಕೊಂಡು ಮತ್ತೆ ಹಂಚುವ ಕೆಲಸ ತಪ್ಪುವುದಿಲ್ಲ. ಹೊಗೆ ತಪ್ಪಿಸಲೆಂದು ತಂದ ಸೈಕಲ್ಲನ್ನು ಹೊಗೆ ಉಗುಳುವ ವಾಹನ ಹೊತ್ತು ತಿರುಗಿದರೆ ಅದೊಂದು ವಿಪರ್ಯಾಸವೇ ಸರಿ.

ಪರಿಹಾರದ ಸುಳಿವು ಕೂಡ ಗಣಿತದಲ್ಲೇ ಇದೆ. ಫ್ರಾನ್ಸಿನ ಕ್ರಿಸ್ಟೀನ್ ಫ್ರಿಕರ್ ಮತ್ತು ನಿಕೋಲಾ ಗಾಸ್ಟ್ ಎಂಬ ಸಂಶೋಧಕರು ಈ ಸಮಸ್ಯೆಯನ್ನು ವಿಶ್ಲೇಷಿಸಿ, ಮೇಲಿನ ಲೆಕ್ಕದ ಜೊತೆಗೆ ಇನ್ನೊಂದು ಅಂಶವನ್ನೂ ತೋರಿಸಿದ್ದಾರೆ: ಸೈಕಲ್ ಬಿಡಲು ಬಂದವರು ಹತ್ತಿರದ ಎರಡು ನಿಲ್ದಾಣಗಳಲ್ಲಿ ಹೆಚ್ಚು ಖಾಲಿ ಇರುವುದನ್ನು ಆರಿಸಿಕೊಂಡರೆ ಸಾಕು, ತೊಂದರೆಯ ಪ್ರಮಾಣ ಅಚ್ಚರಿಯಾಗುವಷ್ಟು ಕುಸಿಯುತ್ತದೆ. ಆದರೆ ಹಾಗೆ ಆರಿಸಬೇಕಾದರೆ ಎರಡನೆಯ ನಿಲ್ದಾಣ ನಾಲ್ಕು ಹೆಜ್ಜೆಯಲ್ಲಿ ಇರಬೇಕು. ನಿಲ್ದಾಣಗಳ ನಡುವೆ ಸುಮಾರು 300 ಮೀಟರ್ ಅಂತರವಿರಬೇಕು, ಅಂದರೆ ಚದರ ಕಿಲೋಮೀಟರಿಗೆ ಹತ್ತಾದರೂ ನಿಲ್ದಾಣಗಳು ಬೇಕು ಎಂದು ಯೋಜನಾ ತಜ್ಞರು ಹೇಳುವುದರ ಹಿಂದಿನ ತರ್ಕ ಇದು.

ನಮ್ಮ ಮೈಸೂರಿನ ‘ಟ್ರಿಣ್ ಟ್ರಿಣ್’ ಯೋಜನೆಯನ್ನು ಈ ಅಳತೆಗೋಲಿನಿಂದ ನೋಡಬೇಕು. 2017ರ ಜೂನ್‌ನಲ್ಲಿ 48 ನಿಲ್ದಾಣ, 450 ಸೈಕಲ್ಲುಗಳೊಂದಿಗೆ ಅದು ಆರಂಭವಾದಾಗ ದೇಶದ ಗಮನ ಸೆಳೆಯಿತು. ಕಾರ್ಡು ತೋರಿಸಿ ಸೈಕಲ್ ಬಿಡಿಸಿಕೊಂಡು ಅರಮನೆಯ ಸುತ್ತ ಬೆಳಗಿನ ಹೊತ್ತು ಸುತ್ತುವ ಸುಖ ಸಣ್ಣದಲ್ಲ. ಆದರೆ ಪ್ಯಾರಿಸ್ ನಗರದ ವಿಸ್ತೀರ್ಣ ಸುಮಾರು 105 ಚದರ ಕಿ.ಮೀ., ಅದರೊಳಗೆ ವೆಲಿಬ್‌ನ ನಿಲ್ದಾಣಗಳು ಸಾವಿರದ ಆಸುಪಾಸು. ಮೈಸೂರು ವಿಸ್ತೀರ್ಣದಲ್ಲಿ ಅದಕ್ಕಿಂತ ಚಿಕ್ಕದೇನಲ್ಲ. 48 ನಿಲ್ದಾಣಗಳಿಂದ ಪ್ರವಾಸಿಗೆ ಖುಷಿಯಾಗಬಹುದು, ದಿನನಿತ್ಯ ಕಚೇರಿಗೆ ಹೋಗುವವರು ಅದನ್ನು ನೆಚ್ಚಿಕೊಳ್ಳುವುದು ಕಷ್ಟ. ಪ್ರಾಯೋಗಿಕವಾಗಿ ಸಣ್ಣದಾಗಿ ಆರಂಭಿಸೋಣ ಎನ್ನುವುದು ನಮ್ಮ ಆಡಳಿತದ ಸಹಜ ಎಚ್ಚರಿಕೆ. ಆದರೆ ಈ ವಿಷಯದಲ್ಲಿ ಸಣ್ಣದನ್ನು ವಿರಳವಾಗಿ ಹರಡಿದರೆ ಪ್ರಯೋಗ ಸೋಲುವುದು ಖಚಿತ, ಮತ್ತು ಆ ಸೋಲಿನಿಂದ ನಾವು ಕಲಿಯುವುದು ‘ನಮ್ಮ ಜನ ಸೈಕಲ್ ತುಳಿಯುವುದಿಲ್ಲ’ ಎಂಬ ತಪ್ಪು ಪಾಠವನ್ನು.

ಹಾಗಾದರೆ ನಿಲ್ದಾಣವೇ ಇಲ್ಲದಂತೆ ಮಾಡಿದರೆ? ಮೊಬೈಲಿನಿಂದ ಬೀಗ ತೆಗೆದು ಎಲ್ಲಿ ಬೇಕಾದರೂ ಬಿಟ್ಟುಹೋಗುವ ಸೈಕಲ್ಲುಗಳು ಚೀನಾದಲ್ಲಿ 2016-17ರಲ್ಲಿ ನೆರೆ ಬಂದಂತೆ ಬಂದವು. ಫುಟ್‌ಪಾತುಗಳು ಮುಚ್ಚಿಹೋಗಿ, ನಗರಾಡಳಿತಗಳು ಅವುಗಳನ್ನು ಎತ್ತಿ ರಾಶಿ ಹಾಕಿದ ಬಯಲುಗಳ ಚಿತ್ರಗಳನ್ನು ಜಗತ್ತೇ ನೋಡಿತು. 2018ರ ಕೊನೆಗೆ ಇಂಥ ಸೈಕಲ್ಲುಗಳನ್ನು ಬಿಟ್ಟಿದ್ದ ಓಫೋ ಕಂಪನಿಯಿಂದ ತಮ್ಮ ಠೇವಣಿ ವಾಪಸು ಕೇಳಿ ಆನ್‌ಲೈನ್ ಸರದಿಯಲ್ಲಿ ನಿಂತವರ ಸಂಖ್ಯೆ ಒಂದು ಕೋಟಿ ದಾಟಿತ್ತು. ಬೆಂಗಳೂರಿನಲ್ಲಿ ಇಂಥದೊಂದು ಸೈಕಲ್ಲಿನ ಅನುಭವ ನನಗೂ ಇದೆ: ಮೆಟ್ರೋ ಇಳಿದು ನೋಡಿದರೆ ಆ್ಯಪ್‌ನಲ್ಲಿ ಎರಡು ಸೈಕಲ್ಲುಗಳಿದ್ದವು, ಒಂದಕ್ಕೆ ಸೀಟಿರಲಿಲ್ಲ, ಇನ್ನೊಂದು ಯಾರದೋ ಕಾಂಪೌಂಡಿನ ಗೇಟಿನೊಳಗೆ ಭದ್ರವಾಗಿತ್ತು. ಡಾಕ್ ತೆಗೆದ ಮಾತ್ರಕ್ಕೆ ಖಾಲಿ ನಿಲ್ದಾಣದ ಸಮಸ್ಯೆ ಹೋಗುವುದಿಲ್ಲ, ಅದು ಭೂಪಟದಿಂದ ಮರೆಯಾಗುತ್ತದೆ, ಅಷ್ಟೆ. 2018ರಲ್ಲಿ ಬೆಂಗಳೂರಿನಲ್ಲಿ ಪೆಡಲ್ ಸೈಕಲ್ಲುಗಳೊಂದಿಗೆ ಹೊರಟ ಯುಲು ಎಂಬ ಕಂಪನಿ ಮುಂದೆ ಬ್ಯಾಟರಿ ವಾಹನಗಳತ್ತ ಹೊರಳಿತು. ಇಂದು ಅವುಗಳ ಮೇಲೆ ಹೆಚ್ಚಾಗಿ ಕಾಣುವವರು ಊಟ, ದಿನಸಿ ತಲುಪಿಸುವ ಹುಡುಗರು. ವ್ಯಾಪಾರವಾಗಿ ಅದು ಸರಿಯಾದ ನಿರ್ಧಾರವೇ ಇರಬಹುದು, ಆದರೆ ಬಸ್‌ಸ್ಟಾಪಿನಿಂದ ಮನೆಗೆ ಎರಡು ಕಿ.ಮೀ. ನಡೆಯುವವರ ಪ್ರಶ್ನೆ ಹಾಗೆಯೇ ಉಳಿಯಿತು.

ಪ್ಯಾರಿಸ್ಸಿನದೂ ಸುಖದ ಕಥೆಯೇನಲ್ಲ. ಮೊದಲ ಎರಡೇ ವರ್ಷಗಳಲ್ಲಿ ಸಾವಿರಾರು ಸೈಕಲ್ಲುಗಳು ಕಳುವಾದವು, ಮುರಿದವು. 2018ರಲ್ಲಿ ಗುತ್ತಿಗೆದಾರರು ಬದಲಾದಾಗ ಹೊಸ ನಿಲ್ದಾಣಗಳಿಗೆ ವಿದ್ಯುತ್ ಸಂಪರ್ಕ ಸಿಗದೆ ತಿಂಗಳುಗಟ್ಟಲೆ ಅವ್ಯವಸ್ಥೆಯಾಯಿತು. ಆದರೂ ಯೋಜನೆ ಮುಚ್ಚಲಿಲ್ಲ, ಏಕೆಂದರೆ ನಗರ ಅದನ್ನು ನೀರು, ಬಸ್ಸುಗಳಂತೆ ಸಾರ್ವಜನಿಕ ಸೇವೆಯೆಂದು ತಿಳಿದು ಹಣ ಹಾಕುತ್ತಾ ಹೋಯಿತು, ಜೊತೆಗೆ ರಸ್ತೆಯಲ್ಲಿ ಸೈಕಲ್ಲಿಗೆ ಪ್ರತ್ಯೇಕ ದಾರಿ ಬಿಡುತ್ತಾ ಬಂತು. ಅಲ್ಲಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಸೈಕಲ್ಲುಗಳಿಗೆ ಈಗ ಬ್ಯಾಟರಿಯ ನೆರವಿದ್ದು, ಗುಡ್ಡದ ಸಮಸ್ಯೆ ಹಗುರವಾಗಿದೆ. ಎಲ್ಲ ನಗರಗಳೂ ಹೀಗೆ ಹಿಡಿದು ನಿಲ್ಲಲಿಲ್ಲ: ಸವಾರರಿಗೆ ಹೆಲ್ಮೆಟ್ ಕಡ್ಡಾಯವಿದ್ದ ಸಿಯಾಟಲ್ 2017ರಲ್ಲೂ, ಮೆಲ್ಬರ್ನ್ 2019ರಲ್ಲೂ ತಮ್ಮ ಯೋಜನೆಗಳನ್ನು ಮುಚ್ಚಿದವು.

ಬೆಂಗಳೂರಿನ ಮಟ್ಟಿಗೆ, ಏಳುನೂರು ಚದರ ಕಿ.ಮೀ.ಗೂ ಮಿಗಿಲಾದ ನಗರಕ್ಕೆ ಹತ್ತರಂತೆ ಏಳು ಸಾವಿರ ನಿಲ್ದಾಣಗಳು ಬೇಕಾಗುತ್ತವೆ. ಅದು ಸದ್ಯಕ್ಕೆ ಆಗದ ಮಾತು. ಆದರೆ ಹತ್ತು ಚದರ ಕಿ.ಮೀ.ಯ ಒಂದು ತುಂಡನ್ನು ಆರಿಸಿಕೊಂಡು ಅಲ್ಲಿಯೇ ನೂರು ನಿಲ್ದಾಣಗಳನ್ನು ಒತ್ತೊತ್ತಾಗಿ ಹಾಕುವುದು ಸಾಧ್ಯ. ಮಲ್ಲೇಶ್ವರದಿಂದ ಮೆಜೆಸ್ಟಿಕ್‌ವರೆಗಿನ ಪ್ರದೇಶ ಇದಕ್ಕೆ ಒಪ್ಪುತ್ತದೆಂದು ನನ್ನ ಅನಿಸಿಕೆ: ರೈಲು, ಮೆಟ್ರೋ, ಬಸ್ಸು ಮೂರೂ ಅಲ್ಲಿವೆ, ಮರದ ನೆರಳಿನ ಅಡ್ಡರಸ್ತೆಗಳಿವೆ. ಒಂದೇ ಎಚ್ಚರಿಕೆ ಬೇಕು. ಇಂದಿನ ಬಸ್ ನಿಲ್ದಾಣವಿರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಸುತ್ತಲಿನ ಎತ್ತರದಿಂದ ಒಂದು ಕಾಲದಲ್ಲಿ ನೀರು ಬಂದು ನಿಲ್ಲುತ್ತಿದ್ದ ಆ ತಗ್ಗಿಗೇ ದಿನವೂ ಬೆಳಿಗ್ಗೆ ಸೈಕಲ್ಲುಗಳೂ ಬಂದು ನಿಲ್ಲುತ್ತವೆ. ಅವುಗಳನ್ನು ಹತ್ತು ಗಂಟೆಯೊಳಗೆ ಮತ್ತೆ ಮೇಲಕ್ಕೆ ಒಯ್ಯುವ ವ್ಯಾನು, ಅದರ ಚಾಲಕನ ಸಂಬಳ ಮತ್ತು ಪಂಚರ್ ಹಾಕುವವನ ಕೂಲಿಯನ್ನು ಸೈಕಲ್ಲಿನ ಬೆಲೆಗಿಂತ ಮೊದಲು ಟೆಂಡರಿನಲ್ಲಿ ಬರೆಯಬೇಕು.