ಫಾಂಟ್ ಕಳಿಸಿ ಸಾರ್

ತಿಂಗಳ ಕೊನೆ ವಾರ ನನ್ನ ಫೋನಿಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಇರುತ್ತದೆ. 'ಸಾರ್, ಫಾಂಟ್ ಕಳಿಸಿ.' ಜೊತೆಗೊಂದು ಫೋಟೊ. ಅದರಲ್ಲಿ ಕಂಪ್ಯೂಟರ್ ಪರದೆ. ಪರದೆ ತುಂಬ ತಲೆ ಮೇಲೆ ಟೋಪಿ, ಚುಕ್ಕಿ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ. ಯಾರೋ ಪಾಪ ಎರಡು ಗಂಟೆ ಕೂತು ಟೈಪ್ ಮಾಡಿದ ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿ ಅದು. ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಈ ಗತಿ.

ನಾನು ತಾಲ್ಲೂಕಿನ ಸರ್ಕಾರಿ ಶಾಲೆಗಳ ಕಂಪ್ಯೂಟರ್, ಪ್ರಿಂಟರ್ ನೋಡಿಕೊಳ್ಳುವವನು. ಮಕ್ಕಳ, ಶಾಲೆಯ ಮಾಹಿತಿ ತುಂಬುವ ಸ್ಯಾಟ್ಸ್ ತೆರೆಯಲ್ಲ, ಯು-ಡೈಸ್ ಪಾಸ್‌ವರ್ಡ್ ಮರೆತುಹೋಯಿತು ಅಂದರೆ ಬೇಜಾರಿಲ್ಲ, ಅದು ನನ್ನ ಕೆಲಸ. ಈ ಫಾಂಟಿನ ವಿಷಯ ಮಾತ್ರ ವರ್ಷಗಟ್ಟಲೆ ಹೇಳಿ ಹೇಳಿ ಸಾಕಾಗಿದೆ. ಇತ್ತೀಚೆಗೆ ಜಾಸ್ತಿಯೂ ಆಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ನಿಂತಿತಲ್ಲ, ಆಮೇಲೆ ಒಂದೊಂದೇ ಶಾಲೆಯಲ್ಲಿ ಕಂಪ್ಯೂಟರ್ ಬದಲಾಗುತ್ತಿದೆ, ಇಲ್ಲವೇ ಫಾರ್ಮ್ಯಾಟ್ ಆಗುತ್ತಿದೆ. ಫಾರ್ಮ್ಯಾಟ್ ಆದ ಕೂಡಲೇ ಒಳಗಿದ್ದ, 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟುಗಳೂ ಹೋದವು, ಹತ್ತು ವರ್ಷದ ಕಡತ ರಾತ್ರೋರಾತ್ರಿ ಇಂಗ್ಲಿಷಾಯಿತು.

ಎಲ್ಲರೂ ತಪ್ಪು ತಿಳಿಯುವುದು ಒಂದೇ ಜಾಗದಲ್ಲಿ. ಫಾಂಟ್ ಅಂದರೆ ಭಾಷೆ ಅಂದುಕೊಂಡಿದ್ದಾರೆ. ಅಲ್ಲ. ಫಾಂಟ್ ಅಂದರೆ ವೇಷ.

ಆಗಸ್ಟ್ 15ಕ್ಕೆ ಮೂರನೇ ಕ್ಲಾಸಿನ ಹುಡುಗಿಗೆ ಕಿತ್ತೂರು ಚೆನ್ನಮ್ಮನ ವೇಷ ಹಾಕುತ್ತೀರಿ. ಕಿರೀಟ, ಕತ್ತಿ ಎಲ್ಲ ಇರುತ್ತದೆ. ದಾಖಲಾತಿ ಪುಸ್ತಕದಲ್ಲಿ ಅವಳ ನಂಬರ್ ಬದಲಾಗುತ್ತದಾ? ಇಲ್ಲ ತಾನೇ. ಕಂಪ್ಯೂಟರ್ ಒಳಗೂ ಪ್ರತಿ ಅಕ್ಷರಕ್ಕೆ ಹೀಗೆ ಒಂದು ದಾಖಲಾತಿ ನಂಬರ್ ಇದೆ. ಇಂಗ್ಲಿಷಿನ ದೊಡ್ಡ 'ಪಿ'ಗೆ 80. ಹಳೇ ಪದ್ಧತಿಯಲ್ಲಿ, ಅಂದರೆ ನೀವು ಆಸ್ಕಿ ಅನ್ನುವುದರಲ್ಲಿ, ನೀವು 'ಕ' ಹೊಡೆದಾಗ ಒಳಗೆ ದಾಖಲಾಗುವುದು ಆ 80, ಪಕ್ಕಕ್ಕೆ ತಲೆಕಟ್ಟಿನ ಇನ್ನೊಂದು ನಂಬರ್. ನುಡಿ ಫಾಂಟ್ ಆ 'ಪಿ'ಗೆ 'ಕ'ದ ವೇಷ ತೊಡಿಸುತ್ತದೆ. 'ನ' ಅಂದರೆ ಒಳಗಿರುವುದು ಪೌಂಡ್ ಚಿಹ್ನೆ. 'ಶಾಲೆ' ಅಂತ ಬರೆದರೆ ಮೊದಲು ಬರುವುದು ಗಣಿತದ ಪ್ಲಸ್-ಮೈನಸ್ ಚಿಹ್ನೆ, ನಂಬಿ. ವೇಷದ ಪೆಟ್ಟಿಗೆ ಇರುವ ಕಂಪ್ಯೂಟರಿನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಪೆಟ್ಟಿಗೆ ಇಲ್ಲದ ಕಡೆ ಬಣ್ಣ ಕಳಚಿದ 'ಪಿ'ಯೇ ಎದುರು ನಿಲ್ಲುತ್ತದೆ.

ಜಗತ್ತಿನ ಭಾಷೆಗಳ ಅಕ್ಷರಗಳಿಗೆಲ್ಲ ಬೇರೆ ಬೇರೆ ನಂಬರ್ ಕೊಡುವ ಹೊಸ ಪದ್ಧತಿ ಯೂನಿಕೋಡ್. ಅದರಲ್ಲಿ ಹಾಗಲ್ಲ. ಅಲ್ಲಿ 'ಕ'ಗೆ ತನ್ನದೇ ನಂಬರ್, 3221. 'ನ'ಗೆ 3240, 'ಶ'ಗೆ 3254. ಜಗತ್ತಿನ ಬೇರೆ ಯಾವ ಅಕ್ಷರಕ್ಕೂ ಈ ನಂಬರ್ ಕೊಡುವುದಿಲ್ಲ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ತುಂಗಾ ಫಾಂಟ್ ಹಾಕಿ, ನಿರ್ಮಲಾ ಹಾಕಿ, ನೋಟೊ ಹಾಕಿ, ವೇಷ ಬದಲಾದರೂ ಒಳಗಿರುವುದು 'ಕ'ನೇ.

ಇಷ್ಟು ಹೇಳಿದ ಮೇಲೂ ಒಬ್ಬ ಹೆಡ್ಮಾಸ್ತರು ಕೇಳಿದರು, 'ಸರಿ ಸಾರ್, ಹಾಗಾದರೆ ಎಲ್ಲ ಸೆಲೆಕ್ಟ್ ಮಾಡಿ ತುಂಗಾ ಹಾಕಿಬಿಟ್ಟರೆ ಯೂನಿಕೋಡ್ ಆಗುತ್ತಲ್ಲ?' ಆಗಲ್ಲ ಸಾರ್! ಚೆನ್ನಮ್ಮನ ಕಿರೀಟ ತೆಗೆದು ಓಬವ್ವನ ಸೀರೆ ಉಡಿಸಿದರೆ ಹುಡುಗಿ ಬದಲಾಗುತ್ತಾಳಾ? ನಂಬರೇ ಬದಲಾಗಬೇಕು. ಅದಕ್ಕೆ ಪರಿವರ್ತಕ ಅಂತ ಬೇರೆ ತಂತ್ರಾಂಶ ಇದೆ.

'ಪ್ರಿಂಟ್ ಸರಿಯಾಗೇ ಬರುತ್ತಲ್ಲ' ಅನ್ನುವುದು ಇನ್ನೊಂದು ವಾದ. ಬರುತ್ತದೆ, ಒಪ್ಪಿದೆ. ಪಿಡಿಎಫ್ ಮಾಡಿದರೆ ಸಾಮಾನ್ಯವಾಗಿ ವೇಷದ ಪೆಟ್ಟಿಗೆ ಜೊತೆಗೇ ಹೋಗುತ್ತದೆ, ಅದಕ್ಕೇ ಚೆನ್ನಾಗಿ ಕಾಣುತ್ತದೆ. ಆದರೆ ಅದರಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ. ಎಕ್ಸೆಲ್‌ನಲ್ಲಿ ಮಕ್ಕಳ ಹೆಸರನ್ನು ಅಕಾರಾದಿಯಾಗಿ ಜೋಡಿಸಲು ಹೇಳಿ ನೋಡಿ, ಕಂಪ್ಯೂಟರ್ ಅವರನ್ನು ಇಂಗ್ಲಿಷಿನ ಸಾಲಿನಲ್ಲಿ ನಿಲ್ಲಿಸುತ್ತದೆ. ಎಲ್ಲಕ್ಕಿಂತ ನನಗೆ ನಾಟಿದ್ದು ಒಂದು ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರು ಹೇಳಿದ್ದು. ಅವರಿಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಅಂತ ಉಚಿತ ತಂತ್ರಾಂಶ ಪರದೆಯಲ್ಲಿರುವುದನ್ನು ಅವರಿಗೆ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ನುಡಿಯಲ್ಲಿ ಟೈಪ್ ಮಾಡಿದ ಸುತ್ತೋಲೆ ಬಂದ ದಿನ ಅದು 'ಪಿ', 'ಪೌಂಡ್' ಅಂತ ಒದರಿತಂತೆ. 'ಇನ್ನು ಮೇಲೆ ಪೌಂಡಿನಲ್ಲಿ ಸಂಬಳ ಬರುತ್ತೆ ಅಂದ್ಕೊಂಡೆ ಕಣಯ್ಯಾ' ಅಂತ ನಕ್ಕರು. ನನಗೆ ನಗು ಬರಲಿಲ್ಲ. ಅವರಿಗೆ ಆ ಸುತ್ತೋಲೆಯನ್ನು ಎಂಟನೇ ಕ್ಲಾಸಿನ ಹುಡುಗ ಓದಿ ಹೇಳಿದ್ದ.

ನುಡಿಯನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಕನ್ನಡ ಗಣಕ ಪರಿಷತ್ತಿನವರು ಅದನ್ನು ಕೊಡದಿದ್ದರೆ ಎಷ್ಟೋ ಕಚೇರಿಗಳಲ್ಲಿ ಕನ್ನಡದ ಕೆಲಸ ಶುರುವೇ ಆಗುತ್ತಿರಲಿಲ್ಲ. ಆಗ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುವ ಕಂಪ್ಯೂಟರುಗಳೇ ಕಮ್ಮಿ. ಈಗಿನ ನುಡಿಯಲ್ಲಿ ಯೂನಿಕೋಡ್ ಆಯ್ಕೆಯೂ ಇದೆ. ಇಲ್ಲೇ ನಮ್ಮ ಎಫ್‌ಡಿಎ, ಎಸ್‌ಡಿಎ ಗುಮಾಸ್ತರು ಹೆದರುವುದು. 'ಹೊಸ ಕೀಬೋರ್ಡ್ ಕಲಿಯೋ ವಯಸ್ಸಾ ಸಾರ್ ಇದು?' ಕಲಿಯುವುದು ಏನೂ ಇಲ್ಲ. 'ಕೆ' ಒತ್ತಿದರೆ 'ಕ', 'ಎಫ್' ಒತ್ತಿ ಒತ್ತಕ್ಷರ, ಎಲ್ಲ ನಿಮ್ಮ ಬೆರಳಿಗೆ ಗೊತ್ತಿರುವುದೇ. ಆಸ್ಕಿ ಬದಲು ಯೂನಿಕೋಡ್ ಆರಿಸಿ, ಯೂನಿಕೋಡ್ ಫಾಂಟ್ ಇಟ್ಟುಕೊಂಡು ಟೈಪ್ ಮಾಡಿ, ಅಷ್ಟೇ. ವಿಂಡೋಸ್‌ನಲ್ಲೇ ಬರುವ ಕನ್ನಡ ಕೀಬೋರ್ಡ್ ಸೇರಿಸಿಕೊಂಡರೆ ಮಾತ್ರ ಕೀಲಿಗಳು ಬೇರೆ ಕಡೆ ಇರುತ್ತವೆ. ಅದನ್ನು ನೋಡಿ ಗಾಬರಿಯಾಗಿ ನನ್ನ ಮೇಲೆ ಸಿಟ್ಟಾದವರಿದ್ದಾರೆ.

ಕಡತ ಹಳೆಯದೋ ಹೊಸದೋ ಅಂತ ತಿಳಿಯಲು ಸುಲಭ ದಾರಿ ಇದೆ. ವರ್ಡ್‌ನಲ್ಲಿ ಒಂದು ಸಾಲು ಆರಿಸಿ, ಫಾಂಟ್ ಟೈಮ್ಸ್ ನ್ಯೂ ರೋಮನ್ ಮಾಡಿ. ಕನ್ನಡವೇ ಉಳಿದರೆ ಯೂನಿಕೋಡ್. ಟೋಪಿ ಹೊತ್ತ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ ಕಂಡರೆ ಆಸ್ಕಿ. ನೋಡಿದ ಮೇಲೆ ಕಂಟ್ರೋಲ್ ಝಡ್ ಒತ್ತಲು ಮರೆಯಬೇಡಿ. ಫಾಂಟಿನ ಹೆಸರಲ್ಲಿ ನುಡಿ ಅಂತ ಇದ್ದ ಮಾತ್ರಕ್ಕೆ ಹಳೆಯದು ಅನ್ನಬೇಡಿ, ನುಡಿಗೂ ಯೂನಿಕೋಡ್ ಫಾಂಟುಗಳಿವೆ.

ಇನ್ನು ಪರಿವರ್ತನೆ. ಇಲ್ಲಿ ನಾನು ಸ್ವಲ್ಪ ಪುಕ್ಕಲ. ಮೂಲ ಕಡತ ಅಳಿಸಬೇಡಿ, ಬೇರೆ ಫೋಲ್ಡರಿನಲ್ಲಿ ಹಾಗೇ ಇರಲಿ. ಪರಿವರ್ತಕಗಳು ನೂರಕ್ಕೆ ನೂರು ಸರಿ ಅಂತ ನಾನು ಬರೆದುಕೊಡಲಾರೆ. ಕನ್ನಡದ ನಡುವೆ ಇಂಗ್ಲಿಷ್ ಪದವಿದ್ದರೆ ಅದಕ್ಕೂ ಕನ್ನಡದ ವೇಷ ತೊಡಿಸಿ ಅರ್ಥವಿಲ್ಲದ ಪದ ಮಾಡಿಬಿಡುತ್ತವೆ. ಅರ್ಕಾವೊತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಬೇಕು. ಅದರಲ್ಲೂ ಮಕ್ಕಳ ಹೆಸರು, ತಂದೆ ತಾಯಿ ಹೆಸರು. ಟಿಸಿಯಲ್ಲಿ ಒಂದು ಒತ್ತು ತಪ್ಪಿದರೆ ಆ ಮಗು ಮುಂದೆ ಎಷ್ಟು ಕಚೇರಿ ಅಲೆಯಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನೊಂದು, ಮಕ್ಕಳ ಆಧಾರ್ ನಂಬರ್, ಜಾತಿ, ಬ್ಯಾಂಕ್ ಖಾತೆ ಇರುವ ಪಟ್ಟಿಯನ್ನು ಯಾವುದೋ ವೆಬ್‌ಸೈಟಿಗೆ ಅಂಟಿಸಿ ಪರಿವರ್ತಿಸಬೇಡಿ. ನಿಮ್ಮ ಕಂಪ್ಯೂಟರಿನಲ್ಲೇ ನಡೆಯುವ ಪರಿವರ್ತಕ ಬಳಸಿ. ಎಲ್ಲವನ್ನೂ ಒಂದೇ ದಿನ ಮಾಡಲೂ ಹೋಗಬೇಡಿ, ಪದೇ ಪದೇ ಬೇಕಾಗುವ ಕಡತ ಮೊದಲು.

ಕಳೆದ ತಿಂಗಳು ನಿವೃತ್ತಿಗೆ ಹತ್ತಿರ ಬಂದ ಒಬ್ಬ ಗುಮಾಸ್ತೆ ಮೇಡಂ ಜೊತೆ ಕೂತು ಅವರ ಹನ್ನೊಂದು ವರ್ಷದ ನಡಾವಳಿ ಪರಿವರ್ತಿಸಿದೆವು. ಎರಡು ದಿನ ಹಿಡಿಯಿತು, ಟೀ ಅವರದ್ದು. ಮುಗಿದ ಮೇಲೆ ಕಂಟ್ರೋಲ್ ಎಫ್ ಒತ್ತಿ ಏನಾದರೂ ಕನ್ನಡದಲ್ಲಿ ಹುಡುಕಿ ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ 'ಶೌಚಾಲಯ' ಅಂತ ಹೊಡೆದರು. ನಲವತ್ತೇಳು ಕಡೆ ಸಿಕ್ಕಿತು, ಮೊದಲನೆಯದು ಮೊದಲ ಸಭೆಯಲ್ಲೇ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, 'ಇದನ್ನ ಪ್ರಿಂಟ್ ತೆಗೆದುಕೊಡಪ್ಪಾ, ನಾಳೆ ಮೀಟಿಂಗ್ ಇದೆ' ಅಂದರು.