ಹಾರ್ಟ್ ಅಟ್ಯಾಕ್ ಆದವರಿಗೆ ‘ಮೆಷಿನ್ ಹಾಕುವುದು’ ಎಂದರೇನು?

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ಹಾರ್ಟ್ ಅಟ್ಯಾಕ್ ಆದ ತಂದೆಯವರನ್ನು ತುಮಕೂರಿಗೆ ಕರೆತಂದಾಗ ಬಿ.ಪಿ. ತೀರಾ ಇಳಿದಿತ್ತು. ಬೆಂಗಳೂರಿನಲ್ಲಿ ಮೆಷಿನ್ ಹಾಕಬೇಕಾಗಬಹುದು ಎಂದರು. ಅದರಿಂದ ಹೃದಯ ಸರಿಹೋಗುತ್ತದೆಯೇ, ಅಥವಾ ಸುಮ್ಮನೆ ಜೀವ ಹಿಡಿದಿಡುವುದಕ್ಕೆ ಮಾತ್ರವೇ?

ಉತ್ತರ: ಯಂತ್ರವು ಹೃದಯವನ್ನು ಗುಣಪಡಿಸುವುದಿಲ್ಲ. ಮುಚ್ಚಿಕೊಂಡ ರಕ್ತನಾಳವನ್ನು ತೆರೆದ ಮೇಲೆ, ಪೆಟ್ಟು ತಿಂದ ಹೃದಯದ ಸ್ನಾಯು ಚೇತರಿಸಿಕೊಳ್ಳುವವರೆಗೆ, ಮಿದುಳು ಮತ್ತು ಮೂತ್ರಪಿಂಡಗಳಿಗೆ ರಕ್ತ ತಲಪುವಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಹೃದಯಾಘಾತವಾದ ನೂರು ಮಂದಿಯಲ್ಲಿ ಸುಮಾರು 5ರಿಂದ 10 ಮಂದಿಗೆ ಬಿ.ಪಿ. ಕುಸಿದು, ಕೈಕಾಲು ತಣ್ಣಗಾಗಿ, ಮೂತ್ರ ಕಡಿಮೆಯಾಗುವ ‘ಕಾರ್ಡಿಯೋಜೆನಿಕ್ ಶಾಕ್’ ಉಂಟಾಗುತ್ತದೆ. ಯಂತ್ರದ ಮಾತು ಬರುವುದು ಮುಖ್ಯವಾಗಿ ಇಂಥವರ ವಿಷಯದಲ್ಲಿ.

ಹೆಸರುಗಳ ಗೊಂದಲವನ್ನು ಮೊದಲು ಬಿಡಿಸಿಕೊಳ್ಳುವುದು ಒಳ್ಳೆಯದು. ವೆಂಟಿಲೇಟರ್ ಉಸಿರಾಟಕ್ಕೆ ಸಂಬಂಧಿಸಿದ್ದು. ಆಂಜಿಯೋಪ್ಲಾಸ್ಟಿಯ ಬಲೂನ್ ಹೃದಯದ ನಾಳವನ್ನು ಹಿಗ್ಗಿಸಿ ಆಗಲೇ ಹೊರಬರುತ್ತದೆ. ‘ಬಲೂನ್ ಪಂಪ್’ ಬೇರೆಯೇ: ಸಾಮಾನ್ಯವಾಗಿ ತೊಡೆಸಂದಿಯ ಮೂಲಕ ಮಹಾಪಧಮನಿಯಲ್ಲಿ ಕೂರಿಸುವ ಇದು, ಹೃದಯ ಸಡಿಲಗೊಂಡಾಗ ಉಬ್ಬಿ, ಸಂಕುಚಿಸುವಾಗ ಕುಗ್ಗಿ, ಏರು ಹತ್ತುವ ಎತ್ತಿನಗಾಡಿಗೆ ಹಿಂದಿನಿಂದ ಕೈಕೊಟ್ಟ ಹಾಗೆ ನೆರವಾಗುತ್ತದೆ. ಆದರೆ ಜರ್ಮನಿಯಲ್ಲಿ 600 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಂಪ್ ಹಾಕಿದವರಲ್ಲೂ ಹಾಕದವರಲ್ಲೂ 30 ದಿನಗಳೊಳಗೆ ನೂರಕ್ಕೆ ಸುಮಾರು 40 ಮಂದಿ ತೀರಿಕೊಂಡಿದ್ದರು. ಆದ್ದರಿಂದ ಈಗ ಇದನ್ನು ಎಲ್ಲರಿಗೂ ಹಾಕುವುದಿಲ್ಲ.

ಎಕ್ಮೋ ಯಂತ್ರವು ರಕ್ತವನ್ನು ದೇಹದಿಂದ ಹೊರತೆಗೆದು, ಆಮ್ಲಜನಕ ಸೇರಿಸಿ ಹಿಂದಿರುಗಿಸುತ್ತದೆ. 2023ರ ಅಧ್ಯಯನದಲ್ಲಿ ಇದರಿಂದಲೂ 30 ದಿನಗಳ ಸಾವು ತಗ್ಗಲಿಲ್ಲ. ರಕ್ತಸ್ರಾವವೂ ಕಾಲಿನ ರಕ್ತಸಂಚಾರದ ತೊಂದರೆಯೂ ಹೆಚ್ಚಿದವು. ಭರವಸೆ ಕಂಡದ್ದು ಎಡ ಹೃತ್ಕುಕ್ಷಿಯೊಳಗೆ ತೂರಿಸುವ ಇಂಪೆಲ್ಲಾ ಎಂಬ ಸಣ್ಣ ಪಂಪಿನಲ್ಲಿ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 180 ದಿನಗಳ ಸಾವಿನ ಪ್ರಮಾಣ ಶೇ 58.5ರಿಂದ ಶೇ 45.8ಕ್ಕೆ ಇಳಿಯಿತು. ಆದರೆ ಹೃದಯ ನಿಂತು ಮತ್ತೆ ಬಡಿದರೂ ಪ್ರಜ್ಞೆ ಮರಳದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ, ಮತ್ತು ಪಂಪ್ ಹಾಕಿದವರಲ್ಲಿ ರಕ್ತಸ್ರಾವ ಹಾಗೂ ಡಯಾಲಿಸಿಸ್ ಅಗತ್ಯ ಹೆಚ್ಚಾಗಿತ್ತು. ಯಂತ್ರ ಒಳ್ಳೆಯದೇ ಎಂದು ಕೇಳುವುದಕ್ಕಿಂತ ಈ ರೋಗಿಗೆ ಈ ಯಂತ್ರ ಏಕೆ ಎಂದು ಕೇಳುವುದೇ ಸರಿ ಎಂದು ನನಗೆ ಅನ್ನಿಸುವುದು ಈ ಕಾರಣಕ್ಕೆ.

ಯಾವ ಯಂತ್ರಕ್ಕಿಂತಲೂ ಮುಖ್ಯವಾದದ್ದು ನಾಳವನ್ನು ಬೇಗ ತೆರೆಯುವುದು. ಪಾವಗಡದಂಥ ದೂರದ ಊರಿನವರು ಎದೆನೋವು ಬಂದೊಡನೆ ನೇರವಾಗಿ ಬೆಂಗಳೂರಿಗೆ ಹೊರಡದೆ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಬೇಕು. ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಇಂಥ ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುವುದಕ್ಕಾಗಿ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಬಂದಿದೆ.

ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ನಾಳ ತೆರೆದಿದೆಯೇ, ತಂದೆಯವರಿಗೆ ಪ್ರಜ್ಞೆ ಇದೆಯೇ, ಯಂತ್ರವನ್ನು ಎಷ್ಟು ದಿನಗಳಲ್ಲಿ ತೆಗೆಯುವ ಅಂದಾಜಿದೆ, ಚೇತರಿಕೆ ಕಾಣದಿದ್ದರೆ ಮುಂದೇನು? ಯಂತ್ರ ಹಾಕಿದ ಮೇಲೆ ನೀವು ಒಳಗೆ ಹೋಗಿ ನೋಡುವಾಗ, ನಳಿಕೆ ಹಾಕಿದ ಕಾಲಿನ ಬೆರಳುಗಳು ತಣ್ಣಗಾಗಿದ್ದರೆ ಅಥವಾ ಬಣ್ಣ ಕಪ್ಪಿಟ್ಟಿದ್ದರೆ ತಕ್ಷಣ ನರ್ಸ್‌ಗೆ ತಿಳಿಸಿ.